ಡಾಲರ್ ಚಿಹ್ನೆಯ ಹಿಂದಿನ ಮನುಷ್ಯ: ಗ್ಯಾರಿ ಕಿಲ್ಡಾಲ್

ನಮ್ಮ ಕಡೆ ಇಂಜಿನಿಯರಿಂಗ್ ಓದಿ ಬಂದವರಿಗೆ ಮೈಕ್ರೊಪ್ರೊಸೆಸರ್ ಲ್ಯಾಬ್ ಮರೆತಿರೋಕೆ ಸಾಧ್ಯವಿಲ್ಲ. ನನಗಂತೂ ಆ ಲ್ಯಾಬ್ ಅಂದ್ರೆ ಮೊದಲು ನೆನಪಾಗೋದು ಡಾಸ್‌ಬಾಕ್ಸ್‌ನ ಆ ಸಣ್ಣ ಕಪ್ಪು ಕಿಟಕಿ. ಕಾಲೇಜಿನಲ್ಲಿ 8086 ಅಸೆಂಬ್ಲಿ ಪ್ರೋಗ್ರಾಂ ಬರೆಯೋಕೆ ಮ್ಯಾಸ್ಮ್ ಬಳಸ್ತಿದ್ವಿ. ಮನೆಗೆ ಬಂದು ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿದ್ರೆ, 64 ಬಿಟ್ ವಿಂಡೋಸ್ ಅದನ್ನು ಓಡಿಸೋದೇ ಇಲ್ಲ ಅಂತ ಹಟ ಹಿಡಿಯಿತು. ಒಬ್ಬ ಸೀನಿಯರ್ ಪೆನ್‌ಡ್ರೈವ್‌ನಲ್ಲಿ ಡಾಸ್‌ಬಾಕ್ಸ್ ಕೊಟ್ಟು, ಮೌಂಟ್ ಮಾಡೋ ಕಮಾಂಡನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಟ್ಟ. ನನ್ನ ಹೊಸ ಲ್ಯಾಪ್‌ಟಾಪ್ ಒಳಗೆ 1980ರ ದಶಕದ ಒಂದು ಹಳೇ ಕಂಪ್ಯೂಟರ್ ಎದ್ದು ಕೂತಿತು.

ಲ್ಯಾಬ್ ಪರೀಕ್ಷೆ ದಿನ ನನಗೆ ಬಂದ ಪ್ರೋಗ್ರಾಂನಲ್ಲಿ ಕೊನೆಗೆ ಒಂದು ಸಾಲು ಮೆಸೇಜ್ ಪರದೆಯ ಮೇಲೆ ತೋರಿಸಬೇಕಿತ್ತು. ಗಡಿಬಿಡಿಯಲ್ಲಿ ಮೆಸೇಜಿನ ಕೊನೆಗೆ ಹಾಕಬೇಕಾದ ಡಾಲರ್ ಚಿಹ್ನೆ ಮರೆತೆ. ರನ್ ಮಾಡಿದೆ. ನನ್ನ ಮೆಸೇಜ್ ಬಂತು, ಅದರ ಹಿಂದೆಯೇ ನಗೋ ಮುಖಗಳು, ಇಸ್ಪೀಟಿನ ಆಟೀನು, ಅರ್ಥವಿಲ್ಲದ ಗೆರೆಗಳು ಪರದೆ ತುಂಬಾ ಸುರಿದವು. ಎಕ್ಸ್‌ಟರ್ನಲ್ ಸರ್ ಹಿಂದೆಯೇ ನಿಂತಿದ್ರು. ಅಲ್ಲಿ ಡಾಲರ್ ಯಾಕೆ ಬೇಕು ಅಂತ ಕೇಳಿದ್ರು. ಅದು ಸಿಂಟ್ಯಾಕ್ಸ್ ಸರ್ ಅಂದೆ. ಅವರು ನಕ್ಕು ಮುಂದಿನ ಹುಡುಗನ ಹತ್ತಿರ ಹೋದ್ರು.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾನು ಅಮೆರಿಕಕ್ಕೆ ಬಂದ ಮೇಲೆ. ಉತ್ತರದ ತುದಿಯಲ್ಲಿ ಒಬ್ಬ ಮನುಷ್ಯ ಇದ್ದರು. ಅವರ ಹೆಸರು ಗ್ಯಾರಿ ಕಿಲ್ಡಾಲ್. ಬಿಲ್ ಗೇಟ್ಸ್ ಆಗಬಹುದಾಗಿದ್ದವರು, ಐಬಿಎಂ ಬಾಗಿಲಿಗೆ ಬಂದಾಗ ವಿಮಾನ ಹಾರಿಸೋಕೆ ಹೋಗಿ ಅದೃಷ್ಟ ಕಳೆದುಕೊಂಡವರು ಅಂತ ಅವರ ಬಗ್ಗೆ ಎಲ್ಲರೂ ಒಂದೇ ಕಥೆ ಹೇಳ್ತಾರೆ. ನಾನೂ ಅದನ್ನೇ ಮೊದಲು ಕೇಳಿದ್ದು. ಆದರೆ ಅವರ ಬದುಕನ್ನು ಓದುತ್ತಾ ಹೋದಂತೆ, ಆ ಒಂದು ದಿನದ ಕಥೆಗಿಂತ ಅದರ ಹಿಂದಿನ ಹತ್ತು ವರ್ಷದ ಕೆಲಸವೇ ದೊಡ್ಡದು ಅನ್ನಿಸಿತು.

ಸಮುದ್ರದ ಲೆಕ್ಕ

ಗ್ಯಾರಿ ಹುಟ್ಟಿದ್ದು 1942ರ ಮೇ 19ರಂದು, ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ. ಮನೆತನದ ಕಸುಬು ಹಡಗಿನವರಿಗೆ ಪಾಠ ಹೇಳೋದು. ಸಿಯಾಟಲ್‌ನಲ್ಲಿ ಅವರ ಕುಟುಂಬದ ನೌಕಾಯಾನ ಶಾಲೆ ಇತ್ತು. ಸಮುದ್ರದ ಮಧ್ಯೆ ನಿಂತು ನಕ್ಷತ್ರ, ಸೂರ್ಯನ ಎತ್ತರ ಅಳೆದು, ನಾವು ಎಲ್ಲಿದ್ದೀವಿ ಅಂತ ಲೆಕ್ಕ ಹಾಕೋದನ್ನ ಅಲ್ಲಿ ಕಲಿಸ್ತಿದ್ರು. ಸೈನ್, ಕೊಸೈನ್, ಪುಟಗಟ್ಟಲೆ ಕೋಷ್ಟಕ. ಒಂದು ಕಡೆ ಅಂಕಿ ಹಾಕಿ ಕೈ ತಿರುಗಿಸಿದ್ರೆ ಇನ್ನೊಂದು ಕಡೆ ಉತ್ತರ ಬರೋ ಯಂತ್ರ ಇದ್ದಿದ್ರೆ ಎಷ್ಟು ಚೆನ್ನಾಗಿತ್ತು ಅನ್ನೋದು ಅವರ ಅಪ್ಪನ ಕನಸು.

ಗ್ಯಾರಿಗೆ ಗಣಿತದ ಮೇಷ್ಟ್ರಾಗೋ ಆಸೆ. ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದ್ರು. ಅಲ್ಲಿ ಕಂಪ್ಯೂಟರ್ ಹಿಡಿಯಿತು, ಬಿಡಲಿಲ್ಲ. 1963ರಲ್ಲಿ ಹೈಸ್ಕೂಲ್ ಕಾಲದ ಗೆಳತಿ ಡೊರೊಥಿ ಅವರನ್ನು ಮದುವೆಯಾದರು. ಆಮೇಲೆ ಬಂದಿದ್ದು ಕಡ್ಡಾಯ ಸೈನಿಕ ಸೇವೆಯ ಕರೆ. ವಿಯೆಟ್ನಾಂ ಯುದ್ಧದ ಕಾಲ ಅದು. ಆ ಋಣವನ್ನು ಗ್ಯಾರಿ ತೀರಿಸಿದ್ದು ಪಾಠ ಹೇಳಿ: ಕ್ಯಾಲಿಫೋರ್ನಿಯಾದ ಮಾಂಟೆರೇ ಊರಲ್ಲಿರೋ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನದ ಮೇಷ್ಟ್ರಾದರು. ಕೊನೆಗೂ ಮೇಷ್ಟ್ರಾದರು ಅನ್ನಿ! ಮಧ್ಯೆ ಸಿಯಾಟಲ್‌ಗೆ ಹೋಗಿ 1972ರಲ್ಲಿ ಪಿಎಚ್‌ಡಿ ಮುಗಿಸಿಕೊಂಡು ಬಂದರು. ಕಂಪೈಲರ್ ಕೋರ್ಸ್ ತಗೊಂಡವರಿಗೆ ಡೇಟಾಫ್ಲೋ ಅನಾಲಿಸಿಸ್ ಗೊತ್ತಿರುತ್ತೆ. ಅದಕ್ಕೆ ಗಣಿತದ ಗಟ್ಟಿ ಅಡಿಪಾಯ ಹಾಕಿದ 1973ರ ಪ್ರಬಂಧ ಇವರದೇ. ಪಠ್ಯಪುಸ್ತಕಗಳಲ್ಲಿ ಅದಕ್ಕೆ ಈಗಲೂ ಕಿಲ್ಡಾಲ್ ವಿಧಾನ ಅನ್ನೋ ಹೆಸರಿದೆ.

ಚಿಪ್ ಇದೆ, ಕಂಪ್ಯೂಟರ್ ಇಲ್ಲ

1971ರ ನವೆಂಬರ್‌ನಲ್ಲಿ ಇಂಟೆಲ್ ಕಂಪನಿ 4004 ಅನ್ನೋ ಚಿಪ್ ಹೊರತಂದಿತು. ಸುಮಾರು 2300 ಟ್ರಾನ್ಸಿಸ್ಟರ್, ಒಂದು ಸಲಕ್ಕೆ ನಾಲ್ಕೇ ಬಿಟ್. ನಮ್ಮ ಫೋನಿನ ಮುಂದೆ ಅದು ಇರುವೆಯೂ ಅಲ್ಲ. ಆದರೆ ಒಂದು ಪ್ರೊಸೆಸರ್ ಪೂರ್ತಿ ಒಂದೇ ಚಿಪ್ಪಿನಲ್ಲಿ ಮಾರಾಟಕ್ಕೆ ಬಂದಿದ್ದು ಅದೇ ಮೊದಲು. ಮಾಂಟೆರೇಯಿಂದ ಸಿಲಿಕಾನ್ ವ್ಯಾಲಿಗೆ ಕಾರಿನಲ್ಲಿ ಹೋಗಿಬರಬಹುದು. ಕಿಲ್ಡಾಲ್ ಕಿವಿಗೆ ಸುದ್ದಿ ಬಿತ್ತು. ಅಪ್ಪನ ಲೆಕ್ಕದ ಯಂತ್ರ ನೆನಪಾಯ್ತು.

ಆದರೆ ಚಿಪ್ ಕೈಗೆ ಬಂದ ಮಾತ್ರಕ್ಕೆ ಕಂಪ್ಯೂಟರ್ ಬಂದ ಹಾಗಲ್ಲ. ಅದಕ್ಕೆ ಮೆಮೊರಿ ಬೇಕು, ಕ್ಲಾಕ್ ಬೇಕು, ಅಂಕಿ ಒಳಗೆ ಹಾಕೋಕೆ, ಹೊರಗೆ ತೋರಿಸೋಕೆ ಸರ್ಕೀಟ್ ಬೇಕು. ಅದೆಲ್ಲ ಇರೋ ಡೆವಲಪ್‌ಮೆಂಟ್ ಯಂತ್ರ ಮೇಷ್ಟ್ರ ಸಂಬಳಕ್ಕೆ ಎಟುಕೋದಲ್ಲ. ಕಿಲ್ಡಾಲ್ ಹತ್ತಿರ ಇದ್ದಿದ್ದು ಕಾಲೇಜಿನ ದೊಡ್ಡ ಐಬಿಎಂ ಮೇನ್‌ಫ್ರೇಮ್. ಅದಕ್ಕೂ 4004ಕ್ಕೂ ಯಾವ ನಂಟೂ ಇಲ್ಲ. ಒಂದರ ಭಾಷೆ ಇನ್ನೊಂದಕ್ಕೆ ಬರಲ್ಲ.

ಆಗ ಅವರು ಮಾಡಿದ್ದು ಇಷ್ಟೇ: ಆ ದೊಡ್ಡ ಯಂತ್ರದ ಒಳಗೆ ಸಣ್ಣ ಯಂತ್ರದ ಹಾಗೆ ನಟಿಸೋ ಒಂದು ಪ್ರೋಗ್ರಾಂ ಬರೆದರು. 4004 ಸಿಮ್ಯುಲೇಟರ್.

ನಮ್ಮ ಸಂಘದಲ್ಲಿ ಎಂಬಿಎ, ಬಯಾಲಜಿ ಓದೋರೂ ಇದ್ದೀರಿ, ಅದಕ್ಕೆ ಇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳ್ತೀನಿ. 4004ರ ಮೊಮ್ಮಗ ಅನ್ನಬಹುದಾದ 8080 ಚಿಪ್ಪಿನ ಉದಾಹರಣೆ ತಗೊಳ್ಳೋಣ, 8085 ಓದಿದವರಿಗೆ ಈ ಕೋಡ್ ಬಾಯಿಪಾಠ ಇರುತ್ತೆ. ಮೆಮೊರಿಯಲ್ಲಿ ಸಾಲಾಗಿ ಆರು ಅಂಕಿ ಇವೆ: 3ಇ, 05, 06, 03, 80, 76. ಪ್ರೊಸೆಸರ್‌ಗೆ 3ಇ ಅಂದ್ರೆ ಮುಂದಿನ ಅಂಕಿಯನ್ನು ಎ ರಿಜಿಸ್ಟರ್‌ಗೆ ಹಾಕು ಅಂತ. 06 ಅಂದ್ರೆ ಮುಂದಿನದನ್ನು ಬಿ ರಿಜಿಸ್ಟರ್‌ಗೆ ಹಾಕು. 80 ಅಂದ್ರೆ ಬಿ ಯನ್ನು ಎ ಗೆ ಕೂಡಿಸು. 76 ಅಂದ್ರೆ ನಿಲ್ಲು. ಅಸಲಿ ಚಿಪ್ಪಿನಲ್ಲಿ ಇದನ್ನೆಲ್ಲ ಮಾಡೋದು ಟ್ರಾನ್ಸಿಸ್ಟರ್‌ಗಳು. ಸಿಮ್ಯುಲೇಟರ್‌ನಲ್ಲಿ ಎ, ಬಿ ಬರೀ ಎರಡು ವೇರಿಯಬಲ್. ಮೆಮೊರಿ ಒಂದು ಅರೇ. ಈಗ ಎಷ್ಟನೇ ಮನೆಯಲ್ಲಿದ್ದೀವಿ ಅಂತ ತೋರಿಸೋ ಪ್ರೋಗ್ರಾಂ ಕೌಂಟರ್ ಇನ್ನೊಂದು ವೇರಿಯಬಲ್. ಒಂದು ಲೂಪ್: ಮುಂದಿನ ಅಂಕಿ ಎತ್ತಿಕೋ, ಅದರ ಅರ್ಥ ನೋಡು, ಆ ಕೆಲಸ ಮಾಡು, ಮುಂದಕ್ಕೆ ಹೋಗು. ನಿಲ್ಲು ಅಂತ ಬರೋವರೆಗೆ ಇದೇ. ಕೊನೆಗೆ ಎ ನಲ್ಲಿ 8 ಇರುತ್ತೆ.

ಕೇಳೋಕೆ ಮಕ್ಕಳಾಟ. ಕಷ್ಟ ಇರೋದು ಸಣ್ಣ ವಿಷಯಗಳಲ್ಲಿ. 8080ರ ರಿಜಿಸ್ಟರ್‌ನಲ್ಲಿ 255ಕ್ಕಿಂತ ದೊಡ್ಡ ಅಂಕಿ ಹಿಡಿಯಲ್ಲ. 250ಕ್ಕೆ 10 ಕೂಡಿಸಿದ್ರೆ ದೊಡ್ಡ ಯಂತ್ರ ಆರಾಮಾಗಿ 260 ಅನ್ನುತ್ತೆ. ಅಸಲಿ ಚಿಪ್ 4 ಅಂತ ಹೇಳಿ ಕ್ಯಾರಿ ಫ್ಲಾಗ್ ಎತ್ತುತ್ತೆ. ಸಿಮ್ಯುಲೇಟರ್ ಕೂಡ 4 ಅಂತಲೇ ಹೇಳಬೇಕು. ದೊಡ್ಡ ಯಂತ್ರ ತನ್ನ ದೊಡ್ಡತನ ಮರೆತು, ಸಣ್ಣ ಯಂತ್ರದ ಮಿತಿಗಳನ್ನೂ ಚಾಚೂ ತಪ್ಪದೆ ನಟಿಸಬೇಕು. ಒಂದು ಫ್ಲಾಗ್ ತಪ್ಪಿದ್ರೂ, ಇಲ್ಲಿ ಓಡಿದ ಪ್ರೋಗ್ರಾಂ ಅಸಲಿ ಚಿಪ್ಪಿನಲ್ಲಿ ಮುಗ್ಗರಿಸುತ್ತೆ. ವೇಗದ ಲೆಕ್ಕವೂ ಹೀಗೇ. 4004ರಲ್ಲಿ ಒಂದು ಸಾಮಾನ್ಯ ಸೂಚನೆಗೆ 10.8 ಮೈಕ್ರೊಸೆಕೆಂಡ್ ಬೇಕು. ಎಷ್ಟು ಸೂಚನೆ ಓಡಿತು ಅಂತ ಎಣಿಸುತ್ತಾ ಹೋದ್ರೆ, ಮೇನ್‌ಫ್ರೇಮ್ ಎಷ್ಟೇ ಹೊತ್ತು ತಗೊಳ್ಳಲಿ, ಅಸಲಿ ಚಿಪ್ಪಿನಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಹೇಳಬಹುದು.

ಇದಕ್ಕೆ ಇನ್ನೊಂದು ಲಾಭ ಇದೆ. ಅಸಲಿ ಚಿಪ್ಪಿನೊಳಗೆ ಇಣುಕಿ ನೋಡೋಕಾಗಲ್ಲ. ಪ್ರೋಗ್ರಾಂ ಕೆಟ್ಟರೆ ಸುಮ್ಮನೆ ನಿಂತುಬಿಡುತ್ತೆ. ಸಿಮ್ಯುಲೇಟರ್‌ನಲ್ಲಿ ಯಾವ ಹೆಜ್ಜೆಯಲ್ಲಿ ಬೇಕಾದ್ರೂ ನಿಲ್ಲಿಸಿ, ಪ್ರತಿ ರಿಜಿಸ್ಟರನ್ನೂ ತೆರೆದು ನೋಡಬಹುದು. ಇವತ್ತು ನಾವು ಡಿಬಗ್ಗರ್‌ನಲ್ಲಿ ಸ್ಟೆಪ್ ಬಟನ್ ಒತ್ತುತ್ತೀವಲ್ಲ, ಅದೇ ಸುಖ.

ಅಪ್ಪನ ಕನಸಿನ ಯಂತ್ರಕ್ಕೆ 4004 ಸಾಲದು ಅಂತ ಕಿಲ್ಡಾಲ್‌ಗೆ ಗೊತ್ತಾಯ್ತು. ಆದರೆ ಆ ದಾರಿಯಲ್ಲಿ ಬರೆದ ಸೈನ್, ಕೊಸೈನ್ ಲೆಕ್ಕದ ಪ್ರೋಗ್ರಾಂಗಳು ವ್ಯರ್ಥವಾಗಲಿಲ್ಲ. ಅವನ್ನು ಇಂಟೆಲ್‌ಗೆ ಕೊಟ್ಟು, ಬದಲಿಗೆ ಒಂದು ಅಸಲಿ ಡೆವಲಪ್‌ಮೆಂಟ್ ಯಂತ್ರ ತಗೊಂಡರು. ದುಡ್ಡಿನ ಮಾತಿಲ್ಲ, ರಾಗಿ ಕೊಟ್ಟು ಉಪ್ಪು ತಂದ ಹಾಗೆ.

ಇಂಟೆಲ್‌ನ ಅರೆಕಾಲಿಕ ಮೇಷ್ಟ್ರು

ಆಮೇಲೆ ಪಾಠ ಇಲ್ಲದ ದಿನ ಇಂಟೆಲ್‌ಗೆ ಹೋಗಿ ಸಲಹೆಗಾರರಾಗಿ ಕೆಲಸ ಮಾಡೋಕೆ ಶುರು ಮಾಡಿದ್ರು. ಆಗ ಇಂಟೆಲ್ 8008 ಅನ್ನೋ ಎಂಟು ಬಿಟ್ ಚಿಪ್ ತಂದಿತ್ತು. ಅದಕ್ಕೆ ಕಿಲ್ಡಾಲ್ ಇಂಟರ್ಪ್/8 ಅನ್ನೋ ಸಿಮ್ಯುಲೇಟರ್ ಬರೆದರು, ಫೋರ್ಟ್ರಾನ್ ಭಾಷೆಯಲ್ಲಿ. ಫೋರ್ಟ್ರಾನ್ ಯಾಕೆ ಅಂದ್ರೆ, ಅವತ್ತಿನ ಹೆಚ್ಚಿನ ದೊಡ್ಡ ಕಂಪ್ಯೂಟರ್‌ಗಳಲ್ಲಿ ಅದು ಓಡ್ತಿತ್ತು. ಚಿಪ್ ಕೊಳ್ಳೋ ಯೋಚನೆಯಲ್ಲಿದ್ದ ಇಂಜಿನಿಯರ್, ಟೈಮ್‌ಶೇರಿಂಗ್ ಸೇವೆಯ ಮೂಲಕ ದೂರದ ದೊಡ್ಡ ಯಂತ್ರಕ್ಕೆ ಟೆಲಿಫೋನ್ ತಂತಿಯಲ್ಲಿ ಸಂಪರ್ಕ ಮಾಡಿ, ತನ್ನ ಪ್ರೋಗ್ರಾಂ ಅಲ್ಲೇ ಪರೀಕ್ಷೆ ಮಾಡಬಹುದಿತ್ತು.

ಅದಕ್ಕಿಂತ ದೊಡ್ಡ ಹೆಜ್ಜೆ 1973ರದು. ಅಸೆಂಬ್ಲಿಯಲ್ಲಿ ಪ್ರತಿ ರಿಜಿಸ್ಟರನ್ನೂ ಕೈಯಲ್ಲೇ ನೋಡಿಕೊಳ್ಳೋ ಬದಲು, ಮನುಷ್ಯರು ಓದೋ ಹಾಗೆ ಬರೆದದ್ದನ್ನು ಚಿಪ್ಪಿನ ಭಾಷೆಗೆ ಇಳಿಸೋ ಒಂದು ಹೈ ಲೆವೆಲ್ ಭಾಷೆಯನ್ನು ಕಿಲ್ಡಾಲ್ ಮಾಡಿದ್ರು. ಹೆಸರು ಪಿಎಲ್/ಎಂ. ಮೈಕ್ರೊಪ್ರೊಸೆಸರ್‌ಗಾಗಿಯೇ ಹುಟ್ಟಿದ ಮೊದಲ ಹೈ ಲೆವೆಲ್ ಭಾಷೆ ಅದು. ಆ ಕಂಪೈಲರ್ ಓಡ್ತಿದ್ದಿದ್ದೂ ದೊಡ್ಡ ಯಂತ್ರದಲ್ಲೇ, ಅದು ಹೆರುತ್ತಿದ್ದ ಕೋಡ್ ಮಾತ್ರ ಸಣ್ಣ ಚಿಪ್ಪಿಗೆ. ಇವತ್ತು ನಾವು ಲ್ಯಾಪ್‌ಟಾಪ್‌ನಲ್ಲಿ ಕಂಪೈಲ್ ಮಾಡಿ ಒಂದು ಸಣ್ಣ ಬೋರ್ಡಿಗೆ ಫ್ಲ್ಯಾಶ್ ಮಾಡೋದೂ ಅದೇ ಪದ್ಧತಿ.

ಸಿಮ್ಯುಲೇಟರ್ ಕೈಕೊಟ್ಟಿದ್ದು ಎಲ್ಲಿ

ಪ್ರತಿಯೊಂದಕ್ಕೂ ದೊಡ್ಡ ಯಂತ್ರದ ಮುಂದೆ ಸಾಲಲ್ಲಿ ನಿಲ್ಲೋದು ಕಿಲ್ಡಾಲ್‌ಗೆ ಬೇಸರ ತಂದಿತ್ತು. ಸಣ್ಣ ಯಂತ್ರಕ್ಕೆ ಬೇಕಾದ ಪ್ರೋಗ್ರಾಂ ಸಣ್ಣ ಯಂತ್ರದಲ್ಲೇ ಬರೆಯೋ ಹಾಗಾಗಬೇಕು. ಅದಕ್ಕೆ ಬರೆದದ್ದನ್ನು ಉಳಿಸಿಡೋಕೆ ಜಾಗ ಬೇಕು. ಆಗಷ್ಟೇ ಫ್ಲಾಪಿ ಡಿಸ್ಕ್ ಬಂದಿತ್ತು. ಶುಗಾರ್ಟ್ ಕಂಪನಿಯಿಂದ ಪರೀಕ್ಷೆಗೆ ಬಳಸಿ ಸವೆದ ಒಂದು ಡ್ರೈವ್ ಸಂಪಾದಿಸಿ ತಂದರು.

ತಂದರು, ಆದರೆ ಅದನ್ನು ಕಂಪ್ಯೂಟರ್‌ಗೆ ಜೋಡಿಸೋ ಕಂಟ್ರೋಲರ್ ಬೋರ್ಡ್ ಇಲ್ಲ. ಇದನ್ನು ಮಾತ್ರ ನಟಿಸಿ ಗೆಲ್ಲೋಕಾಗಲ್ಲ. ಫ್ಲಾಪಿ ತಿರುಗೋದು, ಅದರ ಹೆಡ್ ಸರಿಯಾದ ಜಾಗಕ್ಕೆ ಹೋಗೋದು ನಿಜವಾಗಿಯೇ ಆಗಬೇಕು. ಕಿಲ್ಡಾಲ್ ತಾವೇ ಬೋರ್ಡ್ ಕಟ್ಟೋಕೆ ಹೋಗಿ ಸೋತರು. ಸಾಫ್ಟ್‌ವೇರ್ ಕೈಗೆ ಬೆಸುಗೆ ಒಲಿಯಲಿಲ್ಲ. ಕೊನೆಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಳೇ ಗೆಳೆಯ ಜಾನ್ ಟೊರೋಡ್ ಬಂದು ಕಂಟ್ರೋಲರ್ ಮಾಡಿಕೊಟ್ಟರು. 1974ರಲ್ಲಿ, ಮಾಂಟೆರೇ ಪಕ್ಕದ ಪೆಸಿಫಿಕ್ ಗ್ರೋವ್ ಅನ್ನೋ ಪುಟ್ಟ ಊರಲ್ಲಿ, ಆ ಡಿಸ್ಕ್ ಮೊದಲ ಸಲ ಕಿಲ್ಡಾಲ್ ಬರೆದ ಆಪರೇಟಿಂಗ್ ಸಿಸ್ಟಂ ಮಾತು ಕೇಳಿತು. ಅದೇ ಸಿಪಿ/ಎಂ. ಬಹುಪಾಲು ಪಿಎಲ್/ಎಂ ಭಾಷೆಯಲ್ಲೇ ಬರೆದದ್ದು. ಇಂಟೆಲ್‌ಗೆ ತೋರಿಸಿದ್ರು. ಅವರಿಗೆ ಪಿಎಲ್/ಎಂ ಸಾಕಿತ್ತು, ಇದು ಬೇಕಿರಲಿಲ್ಲ.

ಹಾಗಾಗಿ ಗಂಡ ಹೆಂಡತಿ ಸೇರಿ ಸ್ವಂತ ಕಂಪನಿ ಮಾಡಿದ್ರು. ಹೆಸರು ಇಂಟರ್‌ಗ್ಯಾಲಾಕ್ಟಿಕ್ ಡಿಜಿಟಲ್ ರಿಸರ್ಚ್. ಗೆಲಾಕ್ಸಿ ಮಧ್ಯದ ವ್ಯಾಪಾರ, ಆಫೀಸು ಮಾತ್ರ ಮನೆಯೊಳಗೆ! ಮುಂದೆ ಹೆಸರು ಚಿಕ್ಕದಾಗಿ ಡಿಜಿಟಲ್ ರಿಸರ್ಚ್ ಆಯ್ತು. ವ್ಯವಹಾರ, ಗಿರಾಕಿ, ಕರಾರು ಎಲ್ಲ ಡೊರೊಥಿ ನೋಡಿಕೊಂಡರು. ಇದನ್ನು ಹೆಚ್ಚಿನವರು ಬರೆಯೋದಿಲ್ಲ, ಅದಕ್ಕೆ ನಾನು ಬರೀತಿದ್ದೀನಿ.

ಯಂತ್ರಕ್ಕೆ ಸೇರಿದ್ದನ್ನು ಪಕ್ಕಕ್ಕಿಡು

ಅಷ್ಟರಲ್ಲಿ ಹತ್ತಾರು ಕಂಪನಿಗಳು ಸಣ್ಣ ಕಂಪ್ಯೂಟರ್ ಮಾಡೋಕೆ ಶುರು ಮಾಡಿದ್ವು. ಪ್ರೊಸೆಸರ್ ಒಂದೇ ಇದ್ರೂ ಒಬ್ಬೊಬ್ಬರ ಡಿಸ್ಕ್ ಒಂದೊಂದು ಥರ, ಪರದೆ ಒಂದೊಂದು ಥರ. ಪ್ರತಿ ಹೊಸ ಯಂತ್ರಕ್ಕೂ ಕಿಲ್ಡಾಲ್ ಸಿಪಿ/ಎಂ ತಿದ್ದಬೇಕಿತ್ತು. ಇಮ್ಸಾಯ್ ಅನ್ನೋ ಕಂಪನಿಯ ಯಂತ್ರಕ್ಕೆ ಇನ್ನೊಮ್ಮೆ ತಿದ್ದೋ ಸರದಿ ಬಂದಾಗ, ಒಂದು ಗೆರೆ ಎಳೆದರು. ಯಂತ್ರಕ್ಕೆ ಸಂಬಂಧಿಸಿದ ಸಣ್ಣ ಭಾಗ ಎಲ್ಲ ಒಂದು ಕಡೆ. ಉಳಿದ ದೊಡ್ಡ ಭಾಗ ಯಾವ ಯಂತ್ರದಲ್ಲೂ ಬದಲಾಗಲ್ಲ. ಆ ಸಣ್ಣ ಭಾಗಕ್ಕೆ ಇಟ್ಟ ಹೆಸರು ಬಯಾಸ್. ಹೌದು, ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 ಒತ್ತಿ ಹೋಗ್ತಿದ್ವಲ್ಲ, ಆ ಬಯಾಸ್ ಅನ್ನೋ ಹೆಸರು ಬಂದಿದ್ದು ಇಲ್ಲಿಂದ.

ನನ್ನ ಪ್ರಕಾರ ಇದು ಸಿಮ್ಯುಲೇಟರ್ ಬರೆದ ಕೈಯ ಬುದ್ಧಿ. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ ಕಟ್ಟಿದವರಿಗೆ, ಪ್ರೋಗ್ರಾಂಗೆ ನಿಜವಾಗಿ ಬೇಕಾಗಿರೋದು ಕಬ್ಬಿಣ ಅಲ್ಲ, ಕಬ್ಬಿಣ ಕೊಡೋ ಉತ್ತರ ಅಂತ ಗೊತ್ತಿರುತ್ತೆ. ಉತ್ತರ ಸರಿಯಾಗಿ ಬಂದ್ರೆ, ಕೊಟ್ಟವರು ಯಾರು ಅಂತ ಪ್ರೋಗ್ರಾಂ ಕೇಳಲ್ಲ.

ಪ್ರೋಗ್ರಾಂಗಳು ಸಿಪಿ/ಎಂ ಜೊತೆ ಮಾತಾಡೋ ರೀತಿಯೂ ಸರಳ. ಯಾವ ಕೆಲಸ ಬೇಕೋ ಅದರ ನಂಬರ್ ಸಿ ರಿಜಿಸ್ಟರ್‌ಗೆ ಹಾಕಿ, ಮೆಮೊರಿಯ 5ನೇ ವಿಳಾಸವನ್ನು ಕರೆದರಾಯ್ತು. 1 ಅಂದ್ರೆ ಕೀಬೋರ್ಡಿನಿಂದ ಒಂದು ಅಕ್ಷರ ತಗೋ. 2 ಅಂದ್ರೆ ಒಂದು ಅಕ್ಷರ ತೋರಿಸು. 9 ಅಂದ್ರೆ ಒಂದು ಇಡೀ ಸಾಲು ತೋರಿಸು, ಡಾಲರ್ ಚಿಹ್ನೆ ಸಿಗೋವರೆಗೆ.

ಸಿಕ್ಕಿತಲ್ಲ ನನ್ನ ಡಾಲರ್! ಅದು ನಮ್ಮ ಲ್ಯಾಬಿಗೆ ಹೇಗೆ ಬಂತು ಅನ್ನೋದೇ ಮುಂದಿನ ಕಥೆ.

ಇನ್ನಿಬ್ಬರು ಹುಡುಗರು

1975ರ ಜನವರಿಯಲ್ಲಿ ಒಂದು ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ಅನ್ನೋ ಸಣ್ಣ ಕಂಪ್ಯೂಟರ್ ಬಂತು. ಒಳಗಿದ್ದಿದ್ದು 8080. ಸಿಯಾಟಲ್‌ನವರೇ ಆದ ಪಾಲ್ ಅಲೆನ್, ಬಿಲ್ ಗೇಟ್ಸ್ ಅದಕ್ಕೆ ಬೇಸಿಕ್ ಭಾಷೆ ಬರೆಯೋಕೆ ಹೊರಟರು. ಅವರ ಹತ್ತಿರವೂ ಆಲ್ಟೇರ್ ಇರಲಿಲ್ಲ. ಅಲೆನ್ ಹಾರ್ವರ್ಡ್‌ನ ಪಿಡಿಪಿ-10 ಯಂತ್ರದಲ್ಲಿ 8080 ಸಿಮ್ಯುಲೇಟರ್ ಬರೆದರು, ಅದರ ಮೇಲೆ ಬೇಸಿಕ್ ಪರೀಕ್ಷೆ ಮಾಡಿದ್ರು. ಪೇಪರ್ ಟೇಪ್ ಹಿಡಿದು ಅಲ್ಬುಕರ್ಕಿಗೆ ಹೋಗಿ ಅಸಲಿ ಆಲ್ಟೇರ್‌ಗೆ ಹಾಕಿದಾಗ, ಎರಡಕ್ಕೆ ಎರಡು ಕೂಡಿಸಿದ್ರೆ ನಾಲ್ಕು ಅಂತ ಬಂತು. ಮೈಕ್ರೋಸಾಫ್ಟ್ ಹುಟ್ಟಿದ್ದು ಅಲ್ಲಿಂದ. ಮುಂದೆ ಎದುರುಬದುರಾದ ಎರಡು ಕಂಪನಿಗಳು ಹುಟ್ಟಿದ್ದು ಒಂದೇ ಉಪಾಯದಿಂದ: ಇಲ್ಲದ ಯಂತ್ರವನ್ನು ಇರೋ ಯಂತ್ರದೊಳಗೆ ಕಟ್ಟಿಕೊಳ್ಳೋದು.

1980ರ ಹೊತ್ತಿಗೆ ಸಣ್ಣ ವ್ಯಾಪಾರಿ ಕಂಪ್ಯೂಟರ್ ಅಂದ್ರೆ ಸಿಪಿ/ಎಂ ಅನ್ನೋ ಹಾಗಾಗಿತ್ತು. ಆ ವರ್ಷ ಐಬಿಎಂ ಗುಟ್ಟಾಗಿ ಪರ್ಸನಲ್ ಕಂಪ್ಯೂಟರ್ ಮಾಡ್ತಿತ್ತು. ಆಪರೇಟಿಂಗ್ ಸಿಸ್ಟಂ ಕೇಳಿಕೊಂಡು ಮೈಕ್ರೋಸಾಫ್ಟ್‌ಗೆ ಹೋದಾಗ, ಅವರು ಕಿಲ್ಡಾಲ್ ಹತ್ತಿರ ಹೋಗಿ ಅಂದರು. ಐಬಿಎಂನವರು ಪೆಸಿಫಿಕ್ ಗ್ರೋವ್‌ಗೆ ಬಂದ ಬೆಳಗ್ಗೆ ಕಿಲ್ಡಾಲ್ ತಮ್ಮ ಸಣ್ಣ ವಿಮಾನದಲ್ಲಿ ಇನ್ನೊಬ್ಬ ಗಿರಾಕಿಯನ್ನು ನೋಡೋಕೆ ಹೋಗಿದ್ರು. ಮೋಜಿಗಲ್ಲ, ಕೆಲಸಕ್ಕೆ. ಇತ್ತ ಐಬಿಎಂ ಮುಂದಿಟ್ಟ ಗೌಪ್ಯತೆಯ ಕರಾರಿಗೆ ಸಹಿ ಹಾಕೋಕೆ ಡೊರೊಥಿ, ವಕೀಲರ ಮಾತಿನಂತೆ, ಹಿಂದೆಮುಂದೆ ನೋಡಿದ್ರು. ಮಧ್ಯಾಹ್ನ ಕಿಲ್ಡಾಲ್ ವಾಪಸ್ ಬಂದರು. ಆಮೇಲೆ ಒಳಗೆ ಏನು ಮಾತಾಯ್ತು ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದಾರೆ. ಒಪ್ಪಂದ ಆಗಲಿಲ್ಲ ಅನ್ನೋದಷ್ಟೇ ಎಲ್ಲರೂ ಒಪ್ಪೋ ಮಾತು.

ಐಬಿಎಂ ಮತ್ತೆ ಮೈಕ್ರೋಸಾಫ್ಟ್ ಹತ್ತಿರ ಹೋಯ್ತು. ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಕಂಪನಿಯಲ್ಲಿ ಟಿಮ್ ಪ್ಯಾಟರ್ಸನ್ 8086ಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಬರೆದಿದ್ರು. ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ 8086ಕ್ಕೆ ತರೋ ಹಾಗಿರಬೇಕು ಅಂತ, ಕರೆಯೋ ನಂಬರ್‌ಗಳನ್ನು ಸಿಪಿ/ಎಂನಲ್ಲಿ ಇದ್ದ ಹಾಗೇ ಇಟ್ಟಿದ್ರು. 1 ಅಂದ್ರೆ ಅಕ್ಷರ ತಗೋ, 9 ಅಂದ್ರೆ ಡಾಲರ್ ಬರೋವರೆಗೆ ತೋರಿಸು. ಮೈಕ್ರೋಸಾಫ್ಟ್ ಅದನ್ನು ಕೊಂಡಿತು, ಅದು ಡಾಸ್ ಆಯ್ತು. 8080ರ ಡಿಇ ರಿಜಿಸ್ಟರ್ ಜೋಡಿಯ ಜಾಗಕ್ಕೆ 8086ರ ಡಿಎಕ್ಸ್ ಬಂತು, 5ನೇ ವಿಳಾಸದ ಕರೆಯ ಜಾಗಕ್ಕೆ ಇಂಟರಪ್ಟ್ 21 ಬಂತು. ಡಾಲರ್ ಅಲ್ಲೇ ಉಳಿಯಿತು. ಎ ಡ್ರೈವ್, ಬಿ ಡ್ರೈವ್ ಅನ್ನೋ ಹೆಸರುಗಳೂ, ಎಂಟು ಅಕ್ಷರದ ಫೈಲ್ ಹೆಸರಿಗೆ ಮೂರು ಅಕ್ಷರದ ಬಾಲವೂ, ಕಾಮ್ ಫೈಲ್‌ಗಳು 100 ಹೆಕ್ಸ್ ವಿಳಾಸದಿಂದ ಶುರುವಾಗೋದೂ ಸಿಪಿ/ಎಂನಿಂದಲೇ ಬಂದವು.

ತಮ್ಮ ಕೆಲಸವನ್ನೇ ನಕಲು ಮಾಡಿದ್ದಾರೆ ಅಂತ ಕಿಲ್ಡಾಲ್‌ಗೆ ಅನ್ನಿಸಿತು. ಕೋಡ್ ಕದ್ದಿಲ್ಲ ಅಂತ ಪ್ಯಾಟರ್ಸನ್ ಕೊನೆವರೆಗೂ ಹೇಳ್ತಾ ಬಂದಿದ್ದಾರೆ. ಸಾಫ್ಟ್‌ವೇರ್‌ನ ಹೊರಮೈಗೆ ಕಾಪಿರೈಟ್ ಇದೆಯೋ ಇಲ್ವೋ ಅಂತ ಆಗ ಕಾನೂನಿಗೇ ಸ್ಪಷ್ಟ ಇರಲಿಲ್ಲ. ಕಿಲ್ಡಾಲ್ ಕೋರ್ಟಿಗೆ ಹೋಗಲಿಲ್ಲ. ಐಬಿಎಂ ತನ್ನ ಯಂತ್ರಕ್ಕೆ ಸಿಪಿ/ಎಂ-86 ಕೂಡ ಮಾರುತ್ತೆ ಅನ್ನೋ ರಾಜಿಗೆ ಒಪ್ಪಿಕೊಂಡರು. ಅಂಗಡಿಯಲ್ಲಿ ಎರಡೂ ಬಂದವು: ಡಾಸ್ 40 ಡಾಲರ್, ಸಿಪಿ/ಎಂ-86 240 ಡಾಲರ್, ಅದೂ ತಿಂಗಳುಗಟ್ಟಲೆ ತಡವಾಗಿ. ನಾವು ವಿದ್ಯಾರ್ಥಿಗಳಾಗಿ ಯಾವುದು ಕೊಳ್ಳುತ್ತಿದ್ವಿ ಅಂತ ಹೇಳಬೇಕಾ?

ಆಮೇಲಿನ ದಿನಗಳು

ಕಥೆ ಹೇಳೋರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿಬಿಡ್ತಾರೆ. ಕಿಲ್ಡಾಲ್ ಅಲ್ಲಿಗೆ ನಿಲ್ಲಲಿಲ್ಲ. ಕಂಪ್ಯೂಟರ್ ಕ್ರಾನಿಕಲ್ಸ್ ಅನ್ನೋ ಟೀವಿ ಕಾರ್ಯಕ್ರಮದಲ್ಲಿ ವರ್ಷಗಟ್ಟಲೆ ಸಹನಿರೂಪಕರಾಗಿ ಕೂತು, ಬೇರೆಯವರ ಹೊಸ ಯಂತ್ರಗಳ ಬಗ್ಗೆ ಕುತೂಹಲದಿಂದ ಪ್ರಶ್ನೆ ಕೇಳಿದ್ರು. ಹಳೇ ಸಂಚಿಕೆಗಳು ಈಗಲೂ ನೋಡೋಕೆ ಸಿಗ್ತವೆ, ನೋಡಿ. ಮೇಷ್ಟ್ರ ಸಮಾಧಾನ ಮುಖದಲ್ಲೇ ಕಾಣುತ್ತೆ. ಒಂದು ಇಡೀ ವಿಶ್ವಕೋಶವನ್ನು ಒಂದೇ ಸಿಡಿ ತಟ್ಟೆಯಲ್ಲಿ ತಂದ ಮೊದಲಿಗರಲ್ಲಿ ಅವರ ಇನ್ನೊಂದು ಕಂಪನಿ ಇತ್ತು.

ದುಡ್ಡಿಗೆ ಕೊರತೆ ಇರಲಿಲ್ಲ. ವಿಮಾನ, ಕಾರು ಎಲ್ಲ ಇತ್ತು. ಆದರೆ ಡೊರೊಥಿ ಜೊತೆಗಿನ ದಾಂಪತ್ಯ ಮುರಿಯಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ಕಂಪನಿ ನೊವೆಲ್ ಪಾಲಾಯ್ತು. 1992ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ ವಾರ್ಷಿಕೋತ್ಸವಕ್ಕೆ ಕರೆಯಿತು. ಅಲ್ಲೇ ಪಿಎಚ್‌ಡಿ ಮಾಡಿದ ಇವರಿಗೆ ಸಭಿಕರ ಕುರ್ಚಿ, ಮುಖ್ಯ ಭಾಷಣ ಹಾರ್ವರ್ಡ್ ಅರ್ಧಕ್ಕೆ ಬಿಟ್ಟ ಬಿಲ್ ಗೇಟ್ಸ್ ಅವರದು. ಆ ನೋವಿನಲ್ಲೇ ಅವರು ಆತ್ಮಕಥೆ ಬರೆಯೋಕೆ ಕೂತರು. 1994ರ ಜುಲೈ 8ರಂದು ಮಾಂಟೆರೇಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ನಂತರ, 11ರಂದು ತೀರಿಕೊಂಡರು. ವಯಸ್ಸು 52.

ಆತ್ಮಕಥೆಯ ಮೊದಲ ಭಾಗ ಹೊರಬಂದಿದ್ದು 2016ರಲ್ಲಿ, ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ. ಉಳಿದದ್ದನ್ನು ಮಕ್ಕಳು ತಡೆಹಿಡಿದರು. ಆ ಪುಟಗಳಲ್ಲಿ ಇರೋದು ತಮ್ಮ ಅಪ್ಪನ ನಿಜವಾದ ಸ್ವಭಾವ ಅಲ್ಲ, ಕುಡಿತದ ಜೊತೆ ಅವರು ನಡೆಸಿದ ಹೋರಾಟ ಅಂತ ಅವರು ತಿಳಿಸಿದ್ರು. ಆ ಸಾಲು ಓದಿದ ರಾತ್ರಿ ನಾನು ಮುಂದೆ ಏನೂ ಓದಲಿಲ್ಲ. ನಮ್ಮ ಊರುಗಳಲ್ಲೂ ಇಂಥ ಮನೆಗಳು ಇವೆ, ಎಲ್ಲರಿಗೂ ಗೊತ್ತು, ಯಾರೂ ಮಾತಾಡಲ್ಲ.

ಪೆಸಿಫಿಕ್ ಗ್ರೋವ್‌ನಲ್ಲಿ ಹತ್ತು ನಿಮಿಷ

ಕಳೆದ ಸ್ಪ್ರಿಂಗ್ ಬ್ರೇಕ್‌ನಲ್ಲಿ ನಾವು ನಾಲ್ಕು ಜನ ಮಾಂಟೆರೇ ಕಡೆ ಹೋಗಿದ್ವಿ. ಎಲ್ಲರೂ ಅಕ್ವೇರಿಯಂ ನೋಡೋ ಆತುರದಲ್ಲಿದ್ರು. ನಾನು ಹಟ ಮಾಡಿ ಪೆಸಿಫಿಕ್ ಗ್ರೋವ್‌ನ ಲೈಟ್‌ಹೌಸ್ ಅವೆನ್ಯೂ 801ನೇ ನಂಬರ್ ಮನೆ ಮುಂದೆ ಕಾರು ನಿಲ್ಲಿಸಿದೆ. ಒಂದು ಕಾಲದ ಡಿಜಿಟಲ್ ರಿಸರ್ಚ್ ಆಫೀಸು. ಹಳೇ ಕಾಲದ ಮನೆ. 1974ರಲ್ಲಿ ಸಿಪಿ/ಎಂ ಈ ಊರಲ್ಲಿ ಮೊದಲು ಓಡಿತು ಅಂತ ಐಇಇಇ ಸಂಸ್ಥೆ 2014ರಲ್ಲಿ ಇಟ್ಟ ಫಲಕ ಮುಂದೆ ಇದೆ. ಗೆಳೆಯರು ಒಂದು ಫೋಟೊ ತೆಗೆದು, ಇವರೇನಾ ಗೇಟ್ಸ್ ಆಗೋದು ತಪ್ಪಿದವರು ಅಂತ ಕೇಳಿದ್ರು. ಹೌದು ಅಂದೆ. ಆಮೇಲೆ ಹಾಗೆ ಅನ್ನಬಾರದಿತ್ತು ಅನ್ನಿಸಿತು.

ಯಾಕಂದ್ರೆ ಆ ವಾರ ನನ್ನದೂ ಅದೇ ಸ್ಥಿತಿ. ಡಿಗ್ರಿ ಮುಗಿಯೋಕೆ ತಿಂಗಳುಗಳು ಬಾಕಿ, ಕೈಯಲ್ಲಿ ಒಂದು ಆಫರೂ ಇಲ್ಲ. ಜೊತೆಗೆ ಬಂದವರದ್ದೆಲ್ಲ ಆಗಿದೆ. ಊರಿಂದ ಅಮ್ಮ ಫೋನ್ ಮಾಡಿದಾಗೆಲ್ಲ, ಇನ್ನೂ ಪ್ರೋಸೆಸ್‌ನಲ್ಲಿದೆ ಅಂತ ಅದೇ ಮಾತು. ಯಾರ್ಯಾರು ಯಾವ್ಯಾವ ಕಂಪನಿ, ಎಷ್ಟು ಪ್ಯಾಕೇಜ್ ಅನ್ನೋದರಲ್ಲೇ ನಾವು ಒಬ್ಬರನ್ನೊಬ್ಬರು ಅಳೀತೀವಿ. ಆ ಅಳತೆಯಲ್ಲಿ ಕಿಲ್ಡಾಲ್ ಕೂಡ ಸೋತವರ ಪಟ್ಟಿಯಲ್ಲೇ ಇದ್ದಾರೆ. ಅವರ ಬಯಾಸ್ ನಮ್ಮ ಪ್ರತಿ ಕಂಪ್ಯೂಟರಿಗೂ ಹೆಸರು ಕೊಟ್ಟಿದ್ದರೂ, ಅವರ ವಿಧಾನ ನಮ್ಮ ಕಂಪೈಲರ್ ಪುಸ್ತಕದಲ್ಲಿದ್ದರೂ. ಹಾಗಾದ್ರೆ ಅಳತೆಗೋಲಿನಲ್ಲೇ ಏನೋ ದೋಷ ಇದೆ ಅಂತ ನಾನು ಅಂದುಕೊಂಡಿದ್ದೀನಿ. ಅಂದುಕೊಂಡಷ್ಟು ಸುಲಭವಾಗಿ ನಂಬೋಕಾಗಲ್ಲ, ಅದೂ ನಿಜ.

ವಾಪಸ್ ಬಂದ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಒಂದು 8080 ಎಮ್ಯುಲೇಟರ್ ಹಾಕಿದೆ. ಸಿಪಿ/ಎಂನ ಹಳೇ ಸೋರ್ಸ್ ಕೋಡನ್ನು ಅದೇ ಮ್ಯೂಸಿಯಂ 2014ರಲ್ಲಿ ಬಿಡುಗಡೆ ಮಾಡಿದೆ. ಎಮ್ಯುಲೇಟರ್‌ನಲ್ಲಿ ಸಿಪಿ/ಎಂ ಎದ್ದು, ಎ ಡ್ರೈವ್‌ನ ಪ್ರಾಂಪ್ಟ್ ತೋರಿಸಿ, ಕಾಯುತ್ತಾ ಕೂತಿತು. ಇಲ್ಲದ ಯಂತ್ರಗಳನ್ನು ಇರೋ ಯಂತ್ರದೊಳಗೆ ಕಟ್ಟಿದವರ ಕೆಲಸ, ಈಗ ಇಲ್ಲವಾದ ಯಂತ್ರದ ನೆನಪಾಗಿ ನನ್ನ ಯಂತ್ರದೊಳಗೆ ಓಡ್ತಾ ಇತ್ತು.

ಸಿ ರಿಜಿಸ್ಟರ್‌ಗೆ 9 ಹಾಕಿದೆ. ಡಿಇ ಜೋಡಿಗೆ ನನ್ನ ಮೆಸೇಜಿನ ವಿಳಾಸ ಹಾಕಿದೆ. 5ನೇ ವಿಳಾಸ ಕರೆದೆ. ಕನ್ನಡ ಅಕ್ಷರ ಅದಕ್ಕೆ ಬರಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ನಮಸ್ಕಾರ ಸರ್ ಅಂತ ಬರೆದೆ. ಕೊನೆಗೆ ಡಾಲರ್ ಹಾಕೋದು ಈ ಸಲ ಮರೆಯಲಿಲ್ಲ.